ಸಿಮೆಂಟಿನ ಬಗೆ ಬದಲಾದರೆ ಕಾಂಕ್ರೀಟಿನ ಬಲ ಯಾವ ವಯಸ್ಸಿನಲ್ಲಿ ಎಷ್ಟು ವ್ಯತ್ಯಾಸವಾಗುತ್ತದೆ?

ಪ್ರಶ್ನೆ
ಜಲ್ಲಿ, ಮರಳು, ನೀರಿನ ಪ್ರಮಾಣವನ್ನು ಬದಲಿಸದೆ, ಒಪಿಸಿ, ಅಂದರೆ ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿನಿಂದ ಕೆಲವು ಕಾಂಕ್ರೀಟ್ ಕ್ಯೂಬ್‌ಗಳನ್ನೂ ಹಾರುಬೂದಿ (ಕಲ್ಲಿದ್ದಲು ಉರಿಸಿದಾಗ ಸಿಗುವ ನುಣ್ಣನೆಯ ಬೂದಿ) ಬೆರೆತ ಪಿಪಿಸಿ, ಅಂದರೆ ಪೋರ್ಟ್‌ಲ್ಯಾಂಡ್ ಪೊಜೊಲಾನಾ ಸಿಮೆಂಟಿನಿಂದ ಕೆಲವನ್ನೂ ಎರೆದು ಪರೀಕ್ಷಿಸಿದೆವು. 7ನೇ ದಿನ ಪಿಪಿಸಿ ಕ್ಯೂಬ್‌ಗಳು ಸ್ಪಷ್ಟವಾಗಿ ಹಿಂದೆ ಬಿದ್ದಿದ್ದವು. 28ನೇ ದಿನಕ್ಕೆ ಅಂತರ ಕಿರಿದಾಗಿತ್ತು. ಪಿಪಿಸಿ ದುರ್ಬಲವೆಂದು ತೀರ್ಮಾನಿಸಬಹುದೇ, ಅಥವಾ ಇನ್ನೂ ಕಾದು ನೋಡಬೇಕೇ?

ಉತ್ತರ 1
ಕಾದು ನೋಡಿ. ಪೋರ್ಟ್‌ಲ್ಯಾಂಡ್ ಸಿಮೆಂಟಿನ ಟ್ರೈಕ್ಯಾಲ್ಸಿಯಂ ಸಿಲಿಕೇಟ್ ನೀರಿನೊಡನೆ ಬೇಗ ವರ್ತಿಸಿ ಮೊದಲ ನಾಲ್ಕು ವಾರಗಳ ಬಲದ ಬಹುಪಾಲನ್ನು ಒದಗಿಸುತ್ತದೆ. ಡೈಕ್ಯಾಲ್ಸಿಯಂ ಸಿಲಿಕೇಟ್‌ನ ಕೆಲಸ ತಿಂಗಳುಗಟ್ಟಲೆ ನಡೆಯುತ್ತದೆ. ಈ ಕ್ರಿಯೆಗಳಲ್ಲಿ ಜೊತೆಗೇ ಹುಟ್ಟುವ ಸುಣ್ಣದಿಂದ, ಅಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್‌ನಿಂದ, ಬಲಕ್ಕೆ ಹೆಚ್ಚೇನೂ ಸೇರುವುದಿಲ್ಲ. ಆದರೆ ಹಾರುಬೂದಿಯ ಸಿಲಿಕಾ ಅದೇ ಸುಣ್ಣವನ್ನು ಬಳಸಿಕೊಂಡು, ಸಿಮೆಂಟಿನಿಂದ ಉಂಟಾಗುವಂಥದೇ ಬಂಧಕ ಜೆಲ್ ಆಗಿ ಮಾರ್ಪಟ್ಟು, ಒಳಗಿನ ಸೂಕ್ಷ್ಮ ರಂಧ್ರಗಳನ್ನು ತುಂಬುತ್ತದೆ. ಮೊದಲು ಸುಣ್ಣ ಹುಟ್ಟಬೇಕು, ಆಮೇಲೆ ಬೂದಿ ಅದರೊಡನೆ ನಿಧಾನವಾಗಿ ವರ್ತಿಸಬೇಕು. ನೀವು ಕಂಡ ತಡಕ್ಕೆ ಇದೇ ಕಾರಣ. ಬೂದಿಯ ಗುಣಮಟ್ಟ ಚೆನ್ನಾಗಿದ್ದು ತೇವ ಉಳಿದಿದ್ದರೆ 90 ದಿನಗಳ ಹೊತ್ತಿಗೆ ಪಿಪಿಸಿ ಸಾಮಾನ್ಯವಾಗಿ ಸರಿಸಮಕ್ಕೆ ಬರುತ್ತದೆ, ಹಲವು ಸಲ ಮುಂದೆಯೂ ಹೋಗುತ್ತದೆ.

ಉತ್ತರ 2
ತೇವ ಉಳಿದಿದ್ದರೆ ಎಂಬ ಮಾತಿಗೆ ಒತ್ತು ಕೊಡಬೇಕು. ಕ್ಯೂಬ್ ನೀರಿನ ತೊಟ್ಟಿಯಲ್ಲಿ ಮುಳುಗಿರುತ್ತದೆ, ಸ್ಲ್ಯಾಬಿಗೆ ಆ ಭಾಗ್ಯವಿಲ್ಲ. ಕ್ಯೂರಿಂಗ್, ಅಂದರೆ ಕಾಂಕ್ರೀಟನ್ನು ತೇವವಾಗಿಡುವುದನ್ನು, ಬೇಗ ನಿಲ್ಲಿಸಿದರೆ ಒಪಿಸಿಗಿಂತ ಪಿಪಿಸಿಗೆ ಹೆಚ್ಚು ನಷ್ಟ, ಏಕೆಂದರೆ ಅದರ ಬಲದ ದೊಡ್ಡ ಪಾಲು ಇನ್ನೂ ಬರಬೇಕಾಗಿರುತ್ತದೆ. ಶಟರಿಂಗ್ ಬಿಚ್ಚುವುದಕ್ಕೂ, ವಿಶೇಷವಾಗಿ ಚಳಿಯಲ್ಲಿ, ಹೆಚ್ಚು ದಿನ ಕೊಡಬೇಕು. 7ನೇ ದಿನದ ಅಂಕಿಯನ್ನು ಒಂದೂವರೆಯಿಂದ ಗುಣಿಸಿ 28ನೇ ದಿನದ ಬಲವನ್ನು ಊಹಿಸುವ ರೂಢಿ ಒಪಿಸಿಗೆ ಸ್ಥೂಲವಾಗಿ ಹೊಂದುತ್ತದೆ. ಮಿಶ್ರ ಸಿಮೆಂಟಿಗೆ ಅದನ್ನು ಅನ್ವಯಿಸಿ ಒಳ್ಳೆಯ ಕಾಂಕ್ರೀಟನ್ನು ತಿರಸ್ಕರಿಸುವುದು ಅನ್ಯಾಯ.

ಪ್ರಶ್ನೆ ಕೇಳಿದವರು
ಧನ್ಯವಾದಗಳು. ಬಲವು ಕಾಲಕ್ರಮದಲ್ಲಿ ಕುಗ್ಗುವ ಸಿಮೆಂಟೂ ಇದೆಯೇ?

ಉತ್ತರ 3
ಇದೆ, ಹೈ ಅಲ್ಯೂಮಿನಾ ಸಿಮೆಂಟ್. ಒಂದೇ ದಿನದಲ್ಲಿ ಅದು ಬೆರಗಾಗುವಷ್ಟು ಬಲ ಪಡೆಯುತ್ತದೆ. ಆದರೆ ಆಗ ರೂಪುಗೊಂಡ ಹರಳುಗಳು ಸ್ಥಿರವಲ್ಲ; ಬಿಸಿ ಮತ್ತು ತೇವ ಸೇರಿದಲ್ಲಿ ಅವು ಹೆಚ್ಚು ಸಾಂದ್ರವಾದ ಹರಳುಗಳಾಗಿ ಬದಲಾಗಿ, ಕಡಿಮೆ ಜಾಗ ಹಿಡಿದು, ನಡುವೆ ರಂಧ್ರಗಳನ್ನು ಬಿಡುತ್ತವೆ. 1974ರಲ್ಲಿ ಲಂಡನ್ನಿನ ಶಾಲೆಯೊಂದರ ಈಜುಕೊಳದ ಚಾವಣಿ ಕುಸಿದದ್ದರ ಹಿಂದೆ ಈ ಬದಲಾವಣೆಯೂ ಇತ್ತು, ಅದರ ಮೇಲೆ ಸಲ್ಫೇಟ್ ದಾಳಿಯೂ (ಸಲ್ಫೇಟ್ ಲವಣಗಳು ಕಾಂಕ್ರೀಟನ್ನು ಕೆಡಿಸುವುದು) ಸೇರಿತ್ತು. ಈಗ ಅದರ ಬಳಕೆ ಬಹುಮಟ್ಟಿಗೆ ಕುಲುಮೆಗಳ ಒಳಪದರದಂಥ ಶಾಖ ತಾಳುವ ಕೆಲಸಗಳಿಗೆ ಸೀಮಿತ. ಒಪಿಸಿ, ಪಿಪಿಸಿಗಳಲ್ಲಿ ಹರಳು ಬದಲಾಗುವ ಈ ತೊಂದರೆ ಇಲ್ಲ. ನಿಮ್ಮದು ತಳಪಾಯದಂತೆ ಪೂರ್ಣ ಭಾರ ತಡವಾಗಿ ಬೀಳುವ ಕೆಲಸವಾದರೆ, 56 ಅಥವಾ 90ನೇ ದಿನದ ಬಲವನ್ನು ಆಧಾರವಾಗಿ ಇಟ್ಟುಕೊಳ್ಳಬಹುದೇ ಎಂದು ವಿನ್ಯಾಸಕಾರರನ್ನು ಈಗಲೇ ಕೇಳಿ, ಕೆಲವು ಕ್ಯೂಬ್‌ಗಳನ್ನು ಒಡೆಯದೆ ತೊಟ್ಟಿಯಲ್ಲೇ ಉಳಿಸಿಕೊಳ್ಳಿ.