ಸಹಾಯ ಬೇಕು: ಶಸ್ತ್ರಚಿಕಿತ್ಸೆಗೆ ಮುನ್ನ ಅವ್ವನಿಗೆ ಕಬ್ಬಿಣಾಂಶದ ಡ್ರಿಪ್ ಎಲ್ಲಿ ಹಾಕಿಸಬಹುದು?

ನಮ್ಮದು ರೋಣ ತಾಲ್ಲೂಕು. ಅವ್ವನಿಗೆ ದೊಡ್ಡ ಕರುಳಿನ ಬಲಭಾಗದಲ್ಲಿ ಕ್ಯಾನ್ಸರ್ ಗಡ್ಡೆ ಇದೆ. ಮುಂದಿನ ತಿಂಗಳು ಹುಬ್ಬಳ್ಳಿಯಲ್ಲಿ ಶಸ್ತ್ರಚಿಕಿತ್ಸೆ. ಗಡ್ಡೆಯಿಂದ ಕಣ್ಣಿಗೆ ಕಾಣದಂತೆ ರಕ್ತ ಸೋರಿ ಹಿಮೋಗ್ಲೋಬಿನ್ 8.4ಕ್ಕೆ ಇಳಿದಿದೆ. ದೇಹದಲ್ಲಿ ಕೂಡಿಟ್ಟ ಕಬ್ಬಿಣಾಂಶವನ್ನು ತೋರಿಸುವ ಫೆರಿಟಿನ್ 46 ಇರುವುದರಿಂದ ವರದಿಯಲ್ಲಿ ‘ಸಹಜ’ ಎಂದೇ ಅಚ್ಚಾಗಿದೆ. ಆದರೆ ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್, ಅಂದರೆ ರಕ್ತದಲ್ಲಿ ಕಬ್ಬಿಣ ಸಾಗಿಸುವ ಪ್ರೋಟೀನ್ ಎಷ್ಟು ತುಂಬಿದೆ ಎಂಬ ಅಳತೆ, ಶೇ 9 ಮಾತ್ರ. ಉರಿಯೂತವಿದ್ದಾಗ ಫೆರಿಟಿನ್ ಏರಿಯೇ ಕಾಣುತ್ತದೆ, ಇದು ಕಬ್ಬಿಣಾಂಶದ ಕೊರತೆಯೇ ಎಂದು ವೈದ್ಯರು ಬಿಡಿಸಿ ಹೇಳಿದರು. ಮಾತ್ರೆಗಳಿಂದ ಮಲಬದ್ಧತೆ ಬಂದದ್ದೇ ಲಾಭ. ಉರಿಯೂತದಿಂದ ಹೆಪ್ಸಿಡಿನ್ ಎಂಬ ಹಾರ್ಮೋನ್ ಹೆಚ್ಚಾದಾಗ ಕರುಳು ಕಬ್ಬಿಣವನ್ನು ಸರಿಯಾಗಿ ಹೀರುವುದಿಲ್ಲವಂತೆ.

ಈಗ ರಕ್ತನಾಳದ ಮೂಲಕ ಕೊಡಲು ಬರೆದಿದ್ದಾರೆ. ಐರನ್ ಸುಕ್ರೋಸ್ ಆದರೆ ಒಂದು ಸಲಕ್ಕೆ ಸಾಮಾನ್ಯವಾಗಿ 200 ಮಿಲಿಗ್ರಾಂ, ಹಲವು ಬಾರಿ ಹೋಗಬೇಕು. ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಆದರೆ 1000 ಮಿಲಿಗ್ರಾಂವರೆಗೆ ಸುಮಾರು 15 ನಿಮಿಷದಲ್ಲಿ ಮುಗಿಯುತ್ತದೆ. ನಾಲ್ಕು ಹೆಜ್ಜೆಗೆ ಏದುಸಿರು ಬಿಡುವವಳನ್ನು ಮತ್ತೆ ಮತ್ತೆ ಬಸ್ ಹತ್ತಿಸಲಾರೆ, ಎರಡನೆಯದೇ ಬೇಕು.

ಗದಗದಲ್ಲಿ ಇದನ್ನು ಹಾಕಿ, ಅಲರ್ಜಿ ಆದರೆ ನೋಡಿಕೊಳ್ಳುವ ವ್ಯವಸ್ಥೆ ಇರುವ ಡೇ ಕೇರ್ ಎಲ್ಲಿದೆ? ಇಲ್ಲದಿದ್ದರೆ ಹುಬ್ಬಳ್ಳಿ ಅಥವಾ ಧಾರವಾಡದಲ್ಲಿ? ಆಯುಷ್ಮಾನ್ ಕಾರ್ಡಿನಲ್ಲಿ ಈ ಔಷಧಿಯ ವೆಚ್ಚ ಸೇರುತ್ತದೆಯೇ, ಕೈಯಿಂದ ಕೊಡಬೇಕಾದರೆ ಎಷ್ಟಾಗುತ್ತದೆ? ಹಾಕಿಸಿಕೊಂಡವರಿದ್ದರೆ, ಎಷ್ಟು ವಾರದಲ್ಲಿ ಹಿಮೋಗ್ಲೋಬಿನ್ ಏರಿತು ಎಂದೂ ತಿಳಿಸಿ.

ರಕ್ತ ಕೊಡುತ್ತೇವೆ ಎಂದವರಿಗೆ ವಂದನೆ. ಅನಿವಾರ್ಯವಾದರೆ ಮಾತ್ರ ಏರಿಸುತ್ತಾರಂತೆ. ಬೀಟ್‌ರೂಟ್, ಖರ್ಜೂರದ ಸಲಹೆಗಳು ಸಾಕಷ್ಟು ಬಂದಿವೆ, ದಯವಿಟ್ಟು ಅವು ಬೇಡ.