ಸಹಾಯ ಬೇಕು: ಕಿಂಡಿ ಅಣೆಕಟ್ಟಿನ ಹಲಗೆ ತೆಗೆಯುವ ಹೊಣೆ ಯಾರದು?

ನಮಸ್ಕಾರ. ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನಲ್ಲಿ ಅಡಿಕೆ ತೋಟ. ಹಿಂದೆ ಮಳೆಗಾಲ ಮುಗಿದ ಮೇಲೆ ನೆರೆಕರೆಯವರೆಲ್ಲ ಸೇರಿ ತೋಡಿಗೆ (ಸಣ್ಣ ಹಳ್ಳಕ್ಕೆ) ಕಲ್ಲು, ಮಣ್ಣು, ಅಡಿಕೆ ಮರದ ಕಟ್ಟ ಹಾಕುತ್ತಿದ್ದರು. ಮುಂದಿನ ಮಳೆಗೆ ಅದು ತಾನಾಗಿ ಕೊಚ್ಚಿಹೋಗುತ್ತಿತ್ತು. ಈಗ ಕಾಂಕ್ರೀಟಿನ ಕಿಂಡಿ ಅಣೆಕಟ್ಟು, ಅಂದರೆ ಕಿಂಡಿಗಳಿಗೆ ಹಲಗೆ ಹಾಕಿ ನೀರು ನಿಲ್ಲಿಸುವ ಸಣ್ಣ ಅಣೆಕಟ್ಟು, ಬಂದಿದೆ. ಬೇಸಿಗೆಯಲ್ಲಿ ಬಾವಿಯ ನೀರು ಏರಿದ್ದು ನಿಜ, ಆ ಉಪಕಾರ ಮರೆಯುವುದಿಲ್ಲ. ಆದರೆ ಮಳೆಗೆ ಮುಂಚೆ ಹಲಗೆ ತೆಗೆಯುವವರೇ ಇಲ್ಲ. ಈ ಸಲ ಹಲಗೆಗೆ ಕಸಕಡ್ಡಿ ಸಿಕ್ಕಿಕೊಂಡು, ನೀರು ದಡ ಕೊರೆದು ತೋಟಕ್ಕೆ ನುಗ್ಗಿತು. ಎಳೆಯ ಸಸಿಗಳ ಬುಡದಲ್ಲಿ ಮೊಣಕಾಲುದ್ದ ಮರಳು ನಿಂತಿದೆ.

ನಿರ್ವಹಣೆಗೆ ರೈತರ ಸಮಿತಿ ಮಾಡಿಸಿದವರು ಇಲ್ಲಿದ್ದೀರಾ? ಗ್ರಾಮಸಭೆಯಲ್ಲಿ ವಿಷಯ ಹೇಗೆ ಮಂಡಿಸಿದಿರಿ? 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕಾಮಗಾರಿಯ ಅಂದಾಜುಪಟ್ಟಿ ಕೇಳಬೇಕೆಂದಿದ್ದೇನೆ. ಕನ್ನಡದಲ್ಲಿಯೇ ಬರೆದ ಅರ್ಜಿಯ ಮಾದರಿ ಇದ್ದರೆ ದಯವಿಟ್ಟು ಹಾಕಿ.