ಆನೆಗುಂದಿ ಕಡೆ ಟೆಂಟ್ ಹಾಕೋಕೆ ಚಳಿಯೂ ಕಡಿಮೆ, ಜನವೂ ಕಡಿಮೆ ಇರುವ ಸಮಯ ಯಾವುದು?

ರಾಯಚೂರಿನವ:
ಡಿಸೆಂಬರ್ ಕೊನೆಯ ವಾರ ಹಂಪಿಯ ಆಚೆ ದಡದ ಆನೆಗುಂದಿ, ಸಾಣಾಪುರ ಕಡೆ ಎರಡು ರಾತ್ರಿ ಟೆಂಟ್‌ನಲ್ಲಿ ಇರಬೇಕು ಅಂತ ಆಸೆ. ಅಪ್ಪನೂ ಬರುತ್ತಾರೆ, ಅವರಿಗೆ ಜಾಸ್ತಿ ಚಳಿ ತಡೆಯುವುದಿಲ್ಲ, ಅದಕ್ಕೇ ಚಿಕ್ಕಮಗಳೂರು ಬಿಟ್ಟು ನಮ್ಮ ಕಡೆಯೇ ನೋಡುತ್ತಿದ್ದೇನೆ. ಗದ್ದಲ ಬೇಡ. ಹೇಳಿ.

ಗಂಗಾವತಿ ಗೆಳೆಯ:
ಚಳಿ ಚಿಂತೆ ಬಿಡಿ. ಹಗಲು 30 ಡಿಗ್ರಿ ಆಸುಪಾಸು, ರಾತ್ರಿ ಸಾಮಾನ್ಯವಾಗಿ 15ರ ಹತ್ತಿರ. ಆದರೆ ನೀವು ಹಿಡಿದ ವಾರ ಸರಿಯಿಲ್ಲ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಹಂಪಿಗೆ ಬಂದವರು ಹೊಳೆ ದಾಟಿ ಈ ಕಡೆಗೂ ಬರುತ್ತಾರೆ, ಕೆರೆ ಹತ್ತಿರ ಗಾಡಿ ನಿಲ್ಲಿಸುವುದೇ ಕಷ್ಟ. ಡಿಸೆಂಬರ್‌ನಲ್ಲೇ ಹನುಮಮಾಲೆ ವಿಸರ್ಜನೆ, ಅಂದರೆ ಮಾಲೆ ಹಾಕಿದ ಭಕ್ತರು ವ್ರತ ಮುಗಿಸುವ ದಿನ, ಆ ದಿನ ಇಲ್ಲಿನ ಹನುಮನ ಬೆಟ್ಟ ಅಂಜನಾದ್ರಿ ಸುತ್ತ ಕಾಲಿಡೋಕೆ ಆಗುವುದಿಲ್ಲ. ಜನವರಿಯಲ್ಲಿ ಸಂಕ್ರಾಂತಿ, ಕೊಪ್ಪಳದ ಗವಿಮಠದ ಜಾತ್ರೆ. ಕ್ಯಾಲೆಂಡರ್‌ನಲ್ಲಿ ಇವನ್ನೆಲ್ಲ ತಪ್ಪಿಸಿ, ಜನವರಿ ಕೊನೆಗೆ ಇಲ್ಲವೇ ಫೆಬ್ರವರಿ ಮೊದಲಿಗೆ, ಸೋಮವಾರದಿಂದ ಗುರುವಾರದೊಳಗೆ ಬನ್ನಿ. ಅದಕ್ಕಿಂತ ತಡವಾದರೆ ಬಂಡೆ ಕಾಯೋಕೆ ಶುರು, ಮಧ್ಯಾಹ್ನ ಟೆಂಟ್ ಒಳಗೆ ಕೂರೋಕಾಗುವುದಿಲ್ಲ.

ಅಪ್ಪ ಇರುತ್ತಾರೆ ಅಂದ್ರಲ್ಲ, ಹಾಗಾದರೆ ಕಾಲುವೆ ದಂಡೆ, ಗದ್ದೆ ಬದು ಬೇಡ. ರಾತ್ರಿ ತಣ್ಣನೆ ಗಾಳಿ ತಗ್ಗಿಗೆ ಇಳಿದು ಅಲ್ಲೇ ನಿಲ್ಲುತ್ತದೆ, ಇಬ್ಬನಿ, ಸೊಳ್ಳೆ ಬೇರೆ. ಸ್ವಲ್ಪ ಏರಿನಲ್ಲಿ, ಬಂಡೆ ಪಕ್ಕ ಹಾಕಿ. ಹಗಲೆಲ್ಲ ಬಿಸಿಲುಂಡ ಬಂಡೆ ಕತ್ತಲಾದ ಮೇಲೂ ಬೆಚ್ಚಗೆ ಇರುತ್ತದೆ.

ಲಿಂಗಸುಗೂರು:
ಬಂಡೆ ಪಕ್ಕ ಅಂತ ಸುಮ್ನೆ ಗುಡ್ಡದೊಳಗೆ ಹೋಗಬೇಡಿ ದಯವಿಟ್ಟು. ಅದು ಚಿರತೆ, ಕರಡಿ ಓಡಾಡುವ ಜಾಗ. 2025ರ ಮಾರ್ಚ್‌ನಲ್ಲಿ ಸಾಣಾಪುರದ ಕಾಲುವೆ ಹತ್ತಿರ ರಾತ್ರಿ ದುಷ್ಕರ್ಮಿಗಳು ಪ್ರವಾಸಿಗರ ಮೇಲೆ ದಾಳಿ ಮಾಡಿದ್ದನ್ನೂ ಎಲ್ಲರೂ ಓದಿದ್ದೇವೆ, ಅಲ್ವಾ. ಊರಿಗೆ ಅಂಟಿಕೊಂಡ ಹೋಮ್‌ಸ್ಟೇ ಅಂಗಳದಲ್ಲಿ, ಮಾಲೀಕರನ್ನು ಕೇಳಿ ಟೆಂಟ್ ಹಾಕಿ. ಶೌಚಾಲಯ, ಬಿಸಿನೀರು ಅಪ್ಪನಿಗೂ ಬೇಕಲ್ಲ.

ಡಿಸೆಂಬರ್ ರಜೆ ಬದಲಿಸೋಕೆ ಆಗದಿದ್ದರೆ ನಮ್ಮ ಜಲದುರ್ಗಕ್ಕೆ ಬನ್ನಿ. ಕೃಷ್ಣಾ ನದಿ ನಡುವಿನ ಕೋಟೆ, ಹಂಪಿ ಜನಜಂಗುಳಿ ಇಲ್ಲಿಗೆ ಬರುವುದಿಲ್ಲ. ದಾರಿಯಲ್ಲಿ ಮಸ್ಕಿಯ ಅಶೋಕನ ಶಾಸನ ನೋಡಬಹುದು, 1915ರಲ್ಲಿ ಸಿಕ್ಕಿದ್ದು.

ರಾಯಚೂರಿನವ:
ರಜೆ ಜನವರಿಗೆ ಸಿಗುತ್ತಾ ಕೇಳುತ್ತೇನೆ. ಸಿಗದಿದ್ದರೆ ಜಲದುರ್ಗ. ಕೋಟೆ ಒಳಗೇ ಟೆಂಟ್ ಹಾಕಬಹುದಾ?

ಲಿಂಗಸುಗೂರು:
ಬೇಡ. ಹಗಲು ನೋಡಿ, ಕತ್ತಲಾಗುವ ಮೊದಲು ಲಿಂಗಸುಗೂರಿಗೆ ಬಂದುಬಿಡಿ. ಪರಿಚಯದವರ ಹೊಲ ಇದ್ದರೆ ಅಲ್ಲಿ ಟೆಂಟ್ ಹಾಕಿ, ಅಪ್ಪನಿಗೆ ಅಡಿಯಲ್ಲೊಂದು ಕುರಿ ಕಂಬಳಿ ಹಾಸಿ. ಚಳಿ ಹೊಡೆಯುವುದು ನೆಲದಿಂದಲೇ.